ಹನ್ನೆರಡು ದಿನ ಥಾರ್ ಮರುಭೂಮಿ, ಬೆನ್ನಿಗೆ ಒಂದೇ ಬ್ಯಾಗು: 45 ಲೀಟರ್ ಬ್ಯಾಕ್‌ಪ್ಯಾಕ್ ರಿವ್ಯೂ

ಬ್ಯಾಗ್ ತಗೊಳ್ಳೋವಾಗ ಎಲ್ಲರೂ ಹೊತ್ಕೊಂಡು ನೋಡ್ತಾರೆ, ನಾನೂ ಹಂಗೇ ನೋಡಿದ್ದು, ಅಂಗಡೀಲಿ ಭುಜಕ್ಕೆ ಹಾಕ್ಕೊಂಡು ನಾಲ್ಕು ಹೆಜ್ಜೆ ಓಡಾಡಿ ಸೊಂಟದ ಬೆಲ್ಟ್ ಬಿಗಿದು ಸರಿ ಕೂತಿದೆ ಅಂತ ದುಡ್ಡು ಕೊಟ್ಟು ಬಂದೆ. ಆದ್ರೆ ಜೋಧ್‌ಪುರ, ಓಸಿಯಾ, ದೇಶ್‌ನೋಕ್, ಬಿಕಾನೇರ್, ಜೈಸಲ್ಮೇರ್, ಬಾಡ್ಮೇರ್ ಅಂತ ಸುತ್ತಿ ವಾಪಸ್ ಬಂದ ಮೇಲೆ ಹೇಳ್ತಿದೀನಿ, ಆ ಕಡೆ ಹೋಗೋರಿಗೆ ಬ್ಯಾಗ್ ಹೊರೋ ಕೆಲಸಕ್ಕಿಂತ ಇಳಿಸಿ ಇಡೋ ಕೆಲಸಾನೇ ಜಾಸ್ತಿ. ಗುಡಿ ಬಾಗಿಲಲ್ಲಿ ಇಳ್ಸಬೇಕು, ಬಸ್ ಡಿಕ್ಕಿಗೆ ಹಾಕಬೇಕು, ಒಂಟೆ ಮೇಲೆ ಕಟ್ಟಬೇಕು, ಗುರುತಿಲ್ಲದ ಅಂಗಡಿಯವರ ಹತ್ರ ನೋಡ್ಕೊಳ್ಳಿ ಅಂತ ಬಿಟ್ಟು ಹೋಗಬೇಕು. ಹಂಗಾಗಿ ಈ ರಿವ್ಯೂ ಪೂರ್ತಿ ಆ ಲೆಕ್ಕದಲ್ಲೇ ಇರುತ್ತೆ.

ಕಂಪನಿ ಹೆಸರು ಹಾಕ್ತಿಲ್ಲ, ಇದೇ ಥರದ ಬ್ಯಾಗನ್ನ ಸುಮಾರು ಜನ ಮಾಡ್ತಾರೆ, ನೋಡಬೇಕಾದ್ದು ಎಲ್ಲದರಲ್ಲೂ ಒಂದೇ. 45 ಲೀಟರ್, ಖಾಲಿ ಇದ್ದಾಗ ಒಂದೂವರೆ ಕೆಜಿ ಹತ್ರ, ಬೂದು ಬಣ್ಣ, ಮುಂದೆ ಉದ್ದಕ್ಕೆ ಒಂದು ಜಿಪ್ ಇದೆ, ಸೂಟ್‌ಕೇಸ್ ಥರ ಪೂರ್ತಿ ತೆರ್ಕೊಳ್ಳುತ್ತೆ, ಮೇಲಿನ ಮುಚ್ಚಳ ಬಿಚ್ಚಿದ್ರೆ ಅದೇ ಒಂದು ಸಣ್ಣ ಸೊಂಟದ ಚೀಲ ಆಗುತ್ತೆ, ತಳದಲ್ಲಿ ಮಳೆ ಕವರ್ ಮಡಚಿಟ್ಟಿರುತ್ತೆ. ಐದು ಸಾವಿರದ ಒಳಗೆ ಸಿಕ್ತು.

ಮೊದಲು ಹೊರೋ ವಿಷಯ ಮುಗಿಸಿಬಿಡ್ತೀನಿ. ಬೆಂಗಳೂರಿಂದ ಹುಬ್ಬಳ್ಳಿ ಮೇಲೆ ಹೋಗೋ ಜೋಧ್‌ಪುರ ರೈಲಲ್ಲಿ ಸ್ಲೀಪರ್ ಸೀಟಿನ ಕೆಳಗೆ ಆರಾಮಾಗಿ ಹಿಡೀತು, ಚೈನ್ ಹಾಕೋಕೆ ಮೇಲ್ಗಡೆ ಗಟ್ಟಿ ಹಿಡಿಕೆ ಇದೆ. ಜೋಧ್‌ಪುರದಲ್ಲಿ ಹಳೇ ಊರೊಳಗೆ ರೂಮ್ ಮಾಡಿದ್ವಿ, ನೀಲಿ ಮನೆಗಳ ಓಣಿ, ಆಟೋ ಒಂದು ಹಂತದ ತನಕ ಬಂದು ಇನ್ನು ಮುಂದೆ ಹೋಗಲ್ಲ ಅಂತ ನಿಲ್ಲಿಸಿಬಿಡ್ತು, ಅಲ್ಲಿಂದ ಮೆಟ್ಟಿಲು, ಏರು, ಎದುರಿಗೆ ಬರೋ ಹಸು, ಬೈಕು. ಗಾಲಿ ಸೂಟ್‌ಕೇಸ್ ಎಳ್ಕೊಂಡು ಬಂದವರ ಕಷ್ಟ ನೋಡೋಕಾಗ್ತಿರಲಿಲ್ಲ. ಈ ಬ್ಯಾಗಲ್ಲಿ ಭಾರ ಪೂರ್ತಿ ಸೊಂಟಕ್ಕೆ ಬರುತ್ತೆ, ಹತ್ತು ಕೆಜಿ ಇತ್ತು, ಭುಜ ನೋಯಲಿಲ್ಲ. ಬೆನ್ನಿನ ಹತ್ರ ಗಾಳಿ ಆಡೋ ಜಾಲರಿ ಇದೆ ಅಂತ ಕೊಚ್ಕೊಳ್ತಾರೆ, ಅದನ್ನ ಅಷ್ಟು ನಂಬಬೇಡಿ, ಡಿಸೆಂಬರ್ ಮಧ್ಯಾಹ್ನದಲ್ಲೇ ಬೆನ್ನು ಒದ್ದೆ ಆಯ್ತು. ಹೊರೋ ವಿಷಯ ಇಷ್ಟೇ.

ಈಗ ಇಳಿಸೋ ವಿಷಯ. ಮೆಹರಾನ್‌ಗಢಕ್ಕೆ ಹೋಗೋವಾಗ ದೊಡ್ಡ ಬ್ಯಾಗ್ ರೂಮಲ್ಲೇ ಬಿಟ್ಟು ಮುಚ್ಚಳದ ಚೀಲ ಮಾತ್ರ ಸೊಂಟಕ್ಕೆ ಕಟ್ಕೊಂಡು ಹೋದೆ, ಫೋನು, ನೀರಿನ ಸಣ್ಣ ಬಾಟ್ಲು, ಐಡಿ, ದುಡ್ಡು, ಅಷ್ಟೇ. 1459ರಲ್ಲಿ ರಾವ್ ಜೋಧಾ ಶುರುಮಾಡಿದ ಕೋಟೆ ಅದು, ಊರಿನಿಂದ ಸುಮಾರು 400 ಅಡಿ ಎತ್ತರದ ಬಂಡೆ ಮೇಲೆ ಬಂಡೆಯಿಂದಾನೇ ಬೆಳೆದಂಗೆ ನಿಂತಿದೆ, ಒಂದಾದ ಮೇಲೆ ಒಂದು ಬಾಗಿಲು ದಾಟ್ತಾ ಹತ್ತಬೇಕು. ಲೋಹಾಪೋಳ್ ಅನ್ನೋ ಬಾಗಿಲ ಪಕ್ಕದ ಗೋಡೇಲಿ ಸಣ್ಣ ಸಣ್ಣ ಕೈಗುರುತುಗಳಿವೆ, 1843ರಲ್ಲಿ ಮಹಾರಾಜ ಮಾನ್ ಸಿಂಗ್ ತೀರಿಕೊಂಡಾಗ ಚಿತೆಗೆ ಹೋದ ಹೆಂಗಸರದ್ದು. ಕುಂಕುಮ, ಬೆಳ್ಳಿ ತಗಡು ಹಚ್ಚಿರ್ತಾರೆ. ನನ್ನ ಕೈ ಪಕ್ಕದಲ್ಲಿಟ್ಟು ಅಳತೆ ನೋಡೋಕೂ ಮನಸ್ಸು ಬರಲಿಲ್ಲ, ಸುಮ್ನೆ ನಿಂತಿದ್ದು ಮುಂದೆ ಹೋದೆ. ಇಂಥ ಕಡೆ ಬೆನ್ನ ಮೇಲೆ ದೊಡ್ಡ ಗಂಟು ಹೊತ್ತು ಬೇರೆಯವರಿಗೆ ತಗುಲಿಸ್ತಾ ನಿಂತಿದ್ರೆ ನೋಡೋ ಮನಸ್ಸೇ ಇರ್ತಿರಲಿಲ್ಲ ಅನ್ಸುತ್ತೆ. ಮುಚ್ಚಳದ ಚೀಲಕ್ಕೆ ನಾನು ಕೊಡೋ ಮಾರ್ಕ್ಸು ಹತ್ತಕ್ಕೆ ಹತ್ತು.

ಓಸಿಯಾಗೂ ಅದೊಂದನ್ನೇ ಕಟ್ಕೊಂಡು ಹೋಗಿದ್ದು, ಜೋಧ್‌ಪುರದಿಂದ ಬಸ್ಸಲ್ಲಿ ಅರವತ್ತು ಚಿಲ್ಲರೆ ಕಿಲೋಮೀಟರ್. ನಮ್ಮ ಕಡೆಯವರು ಯಾರಾದ್ರೂ ರಾಜಸ್ಥಾನಕ್ಕೆ ಹೋದ್ರೆ ಇದೊಂದು ಬಿಡಬೇಡಿ ಅಂತ ಕೇಳ್ಕೋತೀನಿ. ಅಲ್ಲಿನ ಮಹಾವೀರ ಬಸದಿ ಪ್ರತೀಹಾರರ ವತ್ಸರಾಜನ ಕಾಲದ್ದು, 8ನೇ ಶತಮಾನ, ಅದೇ ವತ್ಸರಾಜನ್ನ ನಮ್ಮ ರಾಷ್ಟ್ರಕೂಟ ಧ್ರುವ ಸೋಲಿಸಿ ದಾರಿಯಿಲ್ಲದ ಮರುಭೂಮಿಗೆ ಓಡಿಸಿದ ಅಂತ ರಾಷ್ಟ್ರಕೂಟರ ತಾಮ್ರಶಾಸನದಲ್ಲಿ ಬರುತ್ತೆ. ಸ್ಕೂಲಲ್ಲಿ ಧ್ರುವ ಅಂತ ಒಂದು ಸಾಲು ಓದಿ ಮರೆತಿದ್ದೆ, ಅವನ ಎದುರಾಳಿಯ ಕಾಲದ ಬಸದಿ ಅಂಗಳದಲ್ಲಿ ಕೂತು ಆ ಸಾಲು ನೆನಪಾದಾಗ ಮೈ ಜುಂ ಅಂತು. ಊರಾಚೆ ಎತ್ತರದ ಜಗಲಿ ಮೇಲೆ ಹರಿಹರ ಗುಡಿಗಳಿವೆ, ಚಿಕ್ಕವು, ಕೆತ್ತನೆ ಮಾತ್ರ ಎಷ್ಟೊತ್ತು ನೋಡಿದ್ರೂ ಮುಗಿಯಲ್ಲ, ಪಟ್ಟದಕಲ್ಲು ಕಟ್ಟಿದ್ದೂ ಅದೇ ಶತಮಾನದಲ್ಲಿ ಅಂತ ನೆನೆಸ್ಕೊಂಡು ನೋಡಿದ್ರೆ ಇನ್ನೂ ಖುಷಿ. ಸಚಿಯಾ ಮಾತಾ ಗುಡಿ ಬೆಟ್ಟದ ಮೇಲೆ, ಕಮಾನುಗಳ ಕೆಳಗೆ ಮೆಟ್ಟಿಲು ಹತ್ಕೊಂಡು ಹೋಗಬೇಕು, ಅಲ್ಲಿ ಅರ್ಚಕರು ಕೈಗೆ ಕೆಂಪು ದಾರ ಕಟ್ಟಿದ್ರು. ಆ ದಾರದ ವಿಷಯ ಮುಂದೆ ಬರುತ್ತೆ.

ದೇಶ್‌ನೋಕ್ ಬೇರೆ ಥರದ ಪರೀಕ್ಷೆ. ಜೋಧ್‌ಪುರದಿಂದ ಬಿಕಾನೇರ್‌ಗೆ ಹೋಗೋ ರೈಲು ಬಿಕಾನೇರ್‌ಗಿಂತ ಮೂವತ್ತು ಕಿಲೋಮೀಟರ್ ಮೊದಲೇ ದೇಶ್‌ನೋಕಲ್ಲಿ ನಿಲ್ಲುತ್ತೆ, ಅಲ್ಲೇ ಇಳ್ಕೊಂಡ್ವಿ, ಅಂದ್ರೆ ಪೂರ್ತಿ ಬ್ಯಾಗ್ ಜೊತೆಗಿತ್ತು. ಕರಣಿ ಮಾತಾ ಗುಡೀಲಿ ಇಲಿಗಳು, ಅವನ್ನ ಕಾಬಾ ಅಂತಾರೆ, ದೇವಿಯ ಮಕ್ಕಳು ಅನ್ನೋ ನಂಬಿಕೆ, ಬಿಳಿ ಇಲಿ ಕಂಡ್ರೆ ಶುಭ. ಚಪ್ಪಲಿ ಹೊರಗೆ ಬಿಡಬೇಕು, ಸಾಕ್ಸ್ ಹಾಕ್ಕೊಂಡು ಹೋದೆ. ಬ್ಯಾಗನ್ನ ಪ್ರಸಾದದ ಅಂಗಡಿಯವರು ಚಪ್ಪಲಿ ಜೊತೆ ಇಟ್ಕೊಂಡ್ರು. ಆ ಹೊತ್ತಲ್ಲಿ ಮುಂದಿನ ಜಿಪ್ಪಿನ ಎರಡು ಸ್ಲೈಡರ್ ಸೇರಿಸಿ ಸಣ್ಣ ಬೀಗ ಹಾಕೋಕೆ ಆಗಿದ್ದು ಎಷ್ಟು ನೆಮ್ಮದಿ ಅಂದ್ರೆ, ಬರೀ ಮೇಲಿಂದ ದಾರ ಎಳೆದು ಮುಚ್ಚೋ ಬ್ಯಾಗಾಗಿದ್ರೆ ನನ್ನ ಮನಸ್ಸೆಲ್ಲ ಹೊರಗೇ ಇರ್ತಿತ್ತು. ಒಂದು ಮಾತು, ಚೀಲದಲ್ಲಿ ಕಡ್ಲೆ ಬಿಸ್ಕೆಟ್ ಏನಾದ್ರೂ ಇದ್ರೆ ತೆಗೆದಿಟ್ಟು ಹೋಗಿ, ನೆಲದ ಮೇಲೆ ಒಂದು ನಿಮಿಷ ಇಟ್ಟೆ, ಪಕ್ಕದ ಜಾಲರಿ ಜೇಬಿನ ಹತ್ರ ಎರಡು ಬಂದು ಮೂಸಿ ನೋಡ್ತಿದ್ವು.

ಬಿಕಾನೇರಲ್ಲಿ ಭಂಡಾಸರ್ ಬಸದಿ ನೋಡಿ, ಅಡಿಪಾಯದ ಗಾರೆಗೆ ನೀರಿನ ಬದಲು ತುಪ್ಪ ಸುರಿದ್ರು ಅಂತ ಕತೆ ಹೇಳ್ತಾರೆ, ನೀರಿಗೆ ಅಷ್ಟು ಬರ ಇದ್ದ ಊರಲ್ಲಿ ಇಂಥ ಕತೆ ಹುಟ್ಟೋದು ಸಹಜಾನೇ. ಜುನಾಗಢ ಕೋಟೆ ಬೆಟ್ಟದ ಮೇಲಿಲ್ಲ, ಸಮತಟ್ಟು, ಕಾಲಿಗೆ ಸುಖ.

ಜೈಸಲ್ಮೇರ್‌ಗೆ ರಾತ್ರಿ ಬಸ್ಸು. ಬ್ಯಾಗ್ ಡಿಕ್ಕಿಗೆ ಹೋಯ್ತು, ಇಲ್ಲೇ ಮಳೆ ಕವರ್ ಉಪಯೋಗಕ್ಕೆ ಬಂದಿದ್ದು. ಮರುಭೂಮಿಗೆ ಮಳೆ ಕವರ್ ಯಾಕೆ ಅಂತ ಮನೇಲಿ ಬಿಚ್ಚಿಡೋಕೆ ಹೊರಟಿದ್ದೆ, ಬಿಚ್ಚಿದ್ರೆ ತಪ್ಪಾಗ್ತಿತ್ತು, ಬೆಳಿಗ್ಗೆ ಇಳಿದು ನೋಡಿದ್ರೆ ಕವರ್ ಮೇಲೆ ಒಂದು ಪದರ ಧೂಳು, ಒಳಗೆ ಬ್ಯಾಗ್ ಹೊಸದರ ಹಂಗೆ. ಪಕ್ಕದಲ್ಲಿ ಕವರ್ ಇಲ್ಲದ ಕರೀ ಬ್ಯಾಗ್ ಒಂದು ಖಾಕಿ ಬಣ್ಣಕ್ಕೆ ತಿರುಗಿತ್ತು.

ರೂಮಿಗೆ ಹೋಗದೆ ಸೀದಾ ಕೋಟೆ ಹತ್ತಿದ್ವಿ, ಜೈನ ಬಸದಿಗಳಿಗೆ ಪ್ರವಾಸಿಗಳನ್ನ ಬೆಳಗಿನ ಹೊತ್ತಲ್ಲೇ ಬಿಡೋದು ಅಂತ ಕೇಳಿದ್ವಿ. ರಾವಲ್ ಜೈಸಲ್ 1156ರಲ್ಲಿ ತ್ರಿಕೂಟ ಬೆಟ್ಟದ ಮೇಲೆ ಕಟ್ಟಿಸಿದ ಕೋಟೆ, ಒಳಗೆ ಇವತ್ತಿಗೂ ಸಾವಿರಾರು ಜನ ಸಂಸಾರ ಮಾಡ್ಕೊಂಡಿದಾರೆ, ನೆಲದ ಕಲ್ಲು ಜನ ಓಡಾಡಿ ಓಡಾಡಿ ನುಣುಪಾಗಿಬಿಟ್ಟಿದೆ, ಭಾರ ಇದ್ದಾಗ ಇಳಿಜಾರಲ್ಲಿ ಜಾರುತ್ತೆ, ಹುಷಾರು. ಬಸದಿ ಬಾಗಿಲಲ್ಲಿ ಚರ್ಮದ ವಸ್ತು ಒಳಗೆ ತರಬಾರದು ಅಂತ ಬೋರ್ಡು. ಬೆಲ್ಟು, ಪರ್ಸು ಎಲ್ಲ ಮೊದಲೇ ಬಟ್ಟೇದು ತಂದಿದ್ದೆ. ಆದ್ರೆ ಕಾವಲಿನವರು ಸೊಂಟದ ಚೀಲ ಮುಟ್ಟಿ ನೋಡಿ ಜಿಪ್ಪಿನ ತುದೀಲಿದ್ದ ಕಂದು ಬಣ್ಣದ ಪಟ್ಟಿ ತೋರಿಸಿದ್ರು. ಅಸಲಿ ಚರ್ಮ. ಹೆಬ್ಬೆರಳಿನಷ್ಟು ತುಂಡು, ಚಂದ ಕಾಣಲಿ ಅಂತ ಹಾಕಿರೋದು, ನಾನು ಒಂದು ದಿನಾನೂ ಗಮನಿಸಿರಲಿಲ್ಲ. ಅಂದ್ರೆ ಓಸಿಯಾ ಮಹಾವೀರ ಬಸದಿಗೂ ಭಂಡಾಸರ್‌ಗೂ ಅದನ್ನ ಕಟ್ಕೊಂಡೇ ಹೋಗಿದೀನಿ, ಅದು ಮನಸ್ಸಿಗೆ ಕೆಟ್ಟದನ್ನಿಸ್ತು. ಪಕ್ಕದ ಅಂಗಡೀಲಿ ಕತ್ತರಿ ಕೇಳಿ ಕತ್ತರಿಸಿ ಹಾಕಿದೆ, ಹಿಡ್ಕೊಂಡು ಎಳೆಯೋಕೆ ಏನೂ ಇಲ್ಲದಂಗಾಯ್ತು, ಕೈಯಲ್ಲಿದ್ದ ಓಸಿಯಾ ದಾರ ಬಿಚ್ಚಿ ಅಲ್ಲಿಗೆ ಕಟ್ಟಿದೆ. ಭಾರತದಲ್ಲಿ ಮಾರೋ ಬ್ಯಾಗಿಗೆ ಚರ್ಮದ ತುಂಡು ಹಾಕಿದ್ರೆ ಡಬ್ಬಿ ಮೇಲೆ ಬರೀಬೇಕು, ಇದು ನನ್ನ ದೊಡ್ಡ ದೂರು. ಒಳಗಿನ ಬಸದಿಗಳ ಬಗ್ಗೆ ಏನಂತ ಹೇಳ್ಲಿ, ಬೇಲೂರು ಹಳೇಬೀಡಲ್ಲಿ ಬಳಪದ ಕಲ್ಲು ಕಪ್ಪಗೆ ಮಿರಮಿರ ಅನ್ನುತ್ತೆ, ಇಲ್ಲಿ ಅದೇ ಸೂಕ್ಷ್ಮ ಕೆಲಸ ಹಳದಿ ಮರಳುಗಲ್ಲಲ್ಲಿ, ಬೆಳಗಿನ ಬಿಸಿಲು ಬಿದ್ರೆ ಕಂಬ, ತೋರಣ, ಛಾವಣಿ ಎಲ್ಲ ಜೇನಿನ ಬಣ್ಣ.

ಕೋಟೆ ಒಳಗೆ ಉಳ್ಕೊಳ್ಳಲಿಲ್ಲ, ಕೆಳಗೆ ಊರಲ್ಲಿ ರೂಮ್ ಮಾಡಿದ್ವಿ. ಆ ಬೆಟ್ಟದ ಮಣ್ಣು ಮೆದು, ಹಿಂದೆ ಕೊಡ ಲೆಕ್ಕದಲ್ಲಿ ಬಳಸ್ತಿದ್ದ ನೀರು ಈಗ ನಲ್ಲಿಲಿ ಬರುತ್ತೆ, ಹೋಟ್ಲುಗಳ ಬಚ್ಚಲು ನೀರು ಸೋರಿ ಬುಡಕ್ಕೆ ಇಳಿದು 1990ರ ದಶಕದಲ್ಲಿ ಬುರುಜುಗಳು ಕುಸಿದು ಬಿದ್ದಿವೆ. 2013ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಕೋಟೆ ಅದು. ನಮ್ಮ ಒಂದು ಬಕೆಟ್ ಸ್ನಾನದ ನೀರು ಅದರ ಬುಡಕ್ಕೆ ಹೋಗೋದು ಬೇಡ ಅನ್ನಿಸ್ತು. ನೀವೂ ಹಂಗೇ ಮಾಡಿ ದಯವಿಟ್ಟು, ಹತ್ತು ನಿಮಿಷ ಹತ್ತೋದು ಅಷ್ಟೇ.

ಈಗ ಬ್ಯಾಗ್ ಕೈಕೊಟ್ಟ ಜಾಗ. ಸಮ್ ಕಡೆಯ ಮರಳು ದಿಬ್ಬಕ್ಕೆ ಒಂದು ರಾತ್ರಿ ಹೋದ್ವಿ, ಜೈಸಲ್ಮೇರಿಂದ ನಲವತ್ತು ಕಿಲೋಮೀಟರ್ ಸುಮಾರು. ಒಂಟೆಯವರು ಬ್ಯಾಗನ್ನ ಜೀನಿಗೆ ಕಟ್ಟಿದ್ರು, ಪಕ್ಕದ ಪಟ್ಟಿಗಳು ಗಟ್ಟಿ ಇದ್ದಿದ್ದಕ್ಕೆ ಅಲುಗಾಡಲಿಲ್ಲ. ರಾತ್ರಿ ಚಳಿ ಅಂದ್ರೆ ಚಳಿ, ಜಾಕೆಟ್ ತೆಗೆಯೋಕೆ ಕತ್ತಲಲ್ಲಿ ಬ್ಯಾಗನ್ನ ಮರಳ ಮೇಲೇ ಮಲಗಿಸಿ ಮುಂದಿನ ಜಿಪ್ ಪೂರ್ತಿ ತೆಗೆದೆ, ಅಲ್ಲೇ ತಪ್ಪಾಗಿದ್ದು. ಆ ಮರಳು ನಮ್ಮ ಕಟ್ಟಡದ ಮರಳಿನ ಥರ ಅಲ್ಲ, ಹಿಟ್ಟಿನ ಹಂಗೆ. ಬೆಳಿಗ್ಗೆ ಜಿಪ್ ಅರ್ಧಕ್ಕೆ ನಿಂತಿತು, ಎಳೆದೆ, ಸ್ಲೈಡರ್ ಮುಂದೆ ಹೋಯ್ತು, ಹಿಂದೆ ಹಲ್ಲು ಬಾಯಿ ಬಿಟ್ಕೊಂಡೇ ಇತ್ತು. ಇದು ಸುರುಳಿ ಥರದ ಸಣ್ಣ ನೈಲಾನ್ ಜಿಪ್, ಇಷ್ಟು ದೊಡ್ಡ ಬಾಯಿಗೆ ಇಷ್ಟು ಸಪೂರ ಜಿಪ್ ಹಾಕಿರೋದು ಕಂಪನಿಯವರ ಜಿಪುಣತನ ಅಂತಾನೇ ನಾನು ಹೇಳ್ತೀನಿ. ಬ್ಯಾಗನ್ನ ಹಗ್ಗದಲ್ಲಿ ಕಟ್ಟಿ ಊರಿಗೆ ತಂದೆ. ಕೋಟೆ ಕೆಳಗೆ ಕೂತಿದ್ದ ಮೋಚಿ ಒಬ್ಬರು ಒಣ ಹಲ್ಲುಜ್ಜೋ ಬ್ರಷ್ಷಲ್ಲಿ ಹಲ್ಲಿನ ಮರಳೆಲ್ಲ ತೆಗೆದು, ಸ್ಲೈಡರನ್ನ ಎರಡೂ ಕಡೆ ಇಕ್ಕಳದಲ್ಲಿ ಮೆಲ್ಲಗೆ ಒತ್ತಿ, ಮೇಣದಬತ್ತಿ ಸವರಿ ಕೊಟ್ರು, ಇಪ್ಪತ್ತು ರೂಪಾಯಿ. ಎಣ್ಣೆ ಹಾಕಬೇಡ, ಮರಳು ಅಂಟ್ಕೊಳ್ಳುತ್ತೆ ಅಂತ ಎರಡು ಸಲ ಹೇಳಿ ಕಳಿಸಿದ್ರು. ಮುಂದೆ ಐದು ದಿನ ಏನೂ ತೊಂದರೆ ಆಗಲಿಲ್ಲ.

ಕೊನೇದು ಕಿರಾಡು, ಬಾಡ್ಮೇರಿಂದ ಪಾಕಿಸ್ತಾನದ ಗಡಿ ಕಡೆಗೆ. 11-12ನೇ ಶತಮಾನದ ಗುಡಿಗಳು, ಸೋಮೇಶ್ವರ ಗುಡಿ ಒಂದು ಇನ್ನೂ ಚೆನ್ನಾಗಿ ನಿಂತಿದೆ, ಮಿಕ್ಕಿದ್ದು ಕಲ್ಲಿನ ರಾಶಿ. ಸಂಜೆ ಮೇಲೆ ಅಲ್ಲಿ ಉಳಿದವರು ಕಲ್ಲಾಗ್ತಾರೆ ಅಂತ ಕತೆ, ಹಾಗಾಗಿ ಹೊತ್ತು ಮುಳುಗೋ ಮುಂಚೆ ಎಲ್ಲ ಖಾಲಿ. ನಾವು ಹೋದಾಗ ನಮ್ಮನ್ನ ಬಿಟ್ರೆ ಗೇಟ್ ಹತ್ರ ಒಬ್ಬರು ಇದ್ರು ಅಷ್ಟೇ, ಬ್ಯಾಗ್ ಅವರ ಕುರ್ಚಿ ಪಕ್ಕ ಇಟ್ಟೆ, ಯಾಕೋ ಬೀಗಾನೂ ಹಾಕಲಿಲ್ಲ. ಕಂಬದ ಬುಡದಲ್ಲಿ ಆನೆ ಸಾಲು, ಯುದ್ಧದ ಸಾಲು, ಮುರಿದ ಮುಖಗಳು, ಗಾಳಿ ಬಿಟ್ರೆ ಸದ್ದಿಲ್ಲ. ಹನ್ನೆರಡು ದಿನದಲ್ಲಿ ನಂಗೆ ಅತಿ ಹೆಚ್ಚು ಹಿಡಿಸಿದ ಎರಡು ಗಂಟೆ ಅದು.

ತಗೋಬಹುದಾ ಅಂದ್ರೆ, ತಗೊಳ್ಳಿ, ಆದ್ರೆ ಅಂಗಡೀಲಿ ಹೊತ್ತು ನೋಡೋದರ ಜೊತೆಗೆ ನೆಲಕ್ಕೆ ಇಟ್ಟೂ ನೋಡಿ, ಬೀಳದೆ ನೆಟ್ಟಗೆ ನಿಲ್ಲುತ್ತಾ, ಎರಡೂ ಸ್ಲೈಡರಿಗೆ ಒಂದೇ ಬೀಗ ಸೇರುತ್ತಾ, ಮುಚ್ಚಳ ಒಂದೇ ಕೈಲಿ ಬಿಚ್ಚೋಕಾಗುತ್ತಾ, ಎಲ್ಲಾದ್ರೂ ಚರ್ಮ ಇದ್ಯಾ ಅಂತ. ಮುಂದಿನ ಜಿಪ್ ದಪ್ಪ ಹಲ್ಲಿಂದು ಸಿಕ್ರೆ ಐನೂರು ಸಾವಿರ ಜಾಸ್ತಿ ಕೊಟ್ಟಾದ್ರೂ ಅದನ್ನೇ ತಗೊಳ್ಳಿ. ನಾನು ಐದಕ್ಕೆ ಮೂರೂವರೆ ಕೊಡ್ತೀನಿ, ಒಂದು ಜಿಪ್ಪಿಗೆ ಹೋಯ್ತು, ಅರ್ಧ ಆ ಚರ್ಮದ ತುಂಡಿಗೆ. ಮುಚ್ಚಳದ ಚೀಲ ಈಗ ದಿನಾ ಆಫೀಸಿಗೂ ಕಟ್ಕೊಂಡು ಹೋಗ್ತೀನಿ, ಓಸಿಯಾ ದಾರದ ಬಣ್ಣ ಸ್ವಲ್ಪ ಮಾಸಿದೆ, ಗಂಟು ಮಾತ್ರ ಬಿಗಿಯಾಗೇ ಇದೆ.