ಅಡಿಕೆ ತೋಟದ ಮಟ್ಟ ತೆಗೆಯಲು ಯಾವುದು ಸರಿ: ಡ್ರೋನೋ, ಆರ್‌ಟಿಕೆಯೋ, ಟೋಟಲ್ ಸ್ಟೇಷನ್ನೋ?

ತೀರ್ಥಹಳ್ಳಿ, ಹೊಸನಗರ ಕಡೆ ಕೆಳಗೆ ಅಡಿಕೆ ತೋಟ, ಅದಕ್ಕಂಟಿ ಧರೆ (ಕಡಿದಾದ ಮಣ್ಣಿನ ಗೋಡೆ), ಮೇಲೆ ಗುಡ್ಡ. ಮೂರನ್ನೂ ಒಂದೇ ಉಪಕರಣದಲ್ಲಿ ಅಳೆಯಹೊರಟರೆ ನಕ್ಷೆ ಎಲ್ಲೋ ಒಂದು ಕಡೆ ಸುಳ್ಳು ಹೇಳುತ್ತದೆ. ಡ್ರೋನ್ ಮೇಲಿಂದ ತೆಗೆದ ಚಿತ್ರಗಳಿಂದ, ಆರ್‌ಟಿಕೆ ರಿಸೀವರ್ ಉಪಗ್ರಹದ ಸಂಕೇತದಿಂದ, ಟೋಟಲ್ ಸ್ಟೇಷನ್ ದುರ್ಬೀನಿನಲ್ಲಿ ನೋಡಿ ಅಳೆದ ಕೋನ-ದೂರದಿಂದ ನೆಲದ ಎತ್ತರ ಕೊಡುತ್ತವೆ. ಮೂರೂ ವಿಧಾನ ಬಳಸಿ ನೋಡಿದ ಮೇಲೆ ನಮ್ಮ ಅಭಿಪ್ರಾಯ ಇದು.

ಬೋಳುಗುಡ್ಡಕ್ಕೆ ಡ್ರೋನೇ ಸರಿ. ಆದರೆ ಅದು ಎತ್ತರ ಲೆಕ್ಕ ಹಾಕುವುದು ಮೇಲೆದ್ದ ಜಾಗದಿಂದ. ಗದ್ದೆಯಿಂದ 80 ಮೀಟರಿಗೆ ಹಾರಿಸಿದರೆ, 40 ಮೀಟರ್ ಎತ್ತರದ ನೆತ್ತಿಯ ಮೇಲೆ ಉಳಿಯುವುದು 40 ಮೀಟರ್, ಶೇ. 70 ಇಟ್ಟಿದ್ದ ಪಕ್ಕದ ಓವರ್‌ಲ್ಯಾಪ್ (ಅಕ್ಕಪಕ್ಕದ ಸಾಲಿನ ಚಿತ್ರಗಳು ಒಂದರ ಮೇಲೊಂದು ಬರುವ ಪಾಲು) ಅಲ್ಲಿ ಶೇ. 40ಕ್ಕೆ ಕುಸಿದು, ಚಿತ್ರ ಜೋಡಿಸಿ ಕಟ್ಟುವ ನೆಲದ ಮಾದರಿ ಹರಿದುಹೋಗುತ್ತದೆ. ನೆಲದ ಏರಿಳಿತಕ್ಕೆ ತಕ್ಕಂತೆ ಹಾರುವ ಟೆರೇನ್ ಫಾಲೋ ಹಾಕಲೇಬೇಕು. ಬರೀ ನೇರ ಕೆಳಮುಖದ ಚಿತ್ರಗಳಾದರೆ ಲೆನ್ಸಿನ ಲೆಕ್ಕ ತಪ್ಪಿ ಮಾದರಿಯ ನಡುಭಾಗ ಗುಮ್ಮಟದಂತೆ ಉಬ್ಬಬಹುದು. ಕ್ಯಾಮೆರಾ 20–30 ಡಿಗ್ರಿ ಓರೆ ಮಾಡಿ ಇನ್ನೊಂದು ಸುತ್ತು ಹಾರಿಸಿ, ಸ್ಥಾನ ಅಳೆದಿಟ್ಟ ನೆಲದ ಗುರುತುಗಳನ್ನು ಅಂಚಿನ ಜೊತೆ ನಡುವೆಯೂ ನೆತ್ತಿಯಲ್ಲೂ ಇಡಿ. ತೋಟದ ಮೇಲೆ ಮಾತ್ರ ಇದು ಬೇಡ: ಸಿಗುವುದು ಸೋಗೆಯ ಮಟ್ಟ.

ಆರ್‌ಟಿಕೆ ತೆರೆದ ಆಕಾಶದಡಿ ಎತ್ತರವನ್ನು 2–3 ಸೆಂ.ಮೀ. ಒಳಗೆ ಕೊಡುತ್ತದೆ. ಮರದಡಿ ‘ಫ್ಲೋಟ್’ (ಲೆಕ್ಕ ಇನ್ನೂ ಗಟ್ಟಿಯಾಗಿಲ್ಲ) ತೋರಿಸಿದರೆ ಎಚ್ಚರವಾಗುತ್ತೇವೆ. ಅಪಾಯ ಇರುವುದು ತಪ್ಪು ‘ಫಿಕ್ಸ್’ನಲ್ಲಿ, ಅಂದರೆ ಲೆಕ್ಕ ಗಟ್ಟಿಯಾಗಿದೆ ಎಂದು ತೋರಿಸಿಯೂ ತಪ್ಪಿದ್ದಾಗ. ಅರ್ಧ ಗಂಟೆ ಬಿಟ್ಟು, ರಿಸೀವರ್ ಮರುಚಾಲನೆ ಮಾಡಿ ಅದೇ ಬಿಂದು ಅಳೆಯಿರಿ. 5 ಸೆಂ.ಮೀ. ಮೀರಿ ಬದಲಾದರೆ ಅದನ್ನು ಕೈಬಿಡಿ. ಇನ್ನು, ಆರ್‌ಟಿಕೆ ಕೊಡುವುದು ಎಲಿಪ್ಸಾಯ್ಡ್ ಎತ್ತರ, ಅಂದರೆ ಭೂಮಿಯ ಗಣಿತದ ನುಣುಪು ಆಕಾರದಿಂದ ಅಳೆದದ್ದು. ಅದನ್ನು ಸಮುದ್ರಮಟ್ಟಕ್ಕೆ ಹೊಂದಿಸುವ ಜಿಯಾಯ್ಡ್ ಮಾದರಿ ಹಾಕದಿದ್ದರೆ ನಮ್ಮಲ್ಲಿ ಎತ್ತರ ಸಮುದ್ರಮಟ್ಟದ ಲೆಕ್ಕಕ್ಕಿಂತ ಕಡಿಮೆ ಬರುತ್ತದೆ, ಅದೂ 80 ಮೀಟರ್ ಮೀರಿ.

ತೋಟದೊಳಗೆ ನಿಧಾನವಾದರೂ ಟೋಟಲ್ ಸ್ಟೇಷನ್ನೇ ಬೇಕು. ಬಸಿಗಾಲುವೆಗೆ 300ಕ್ಕೆ 1ರ ಇಳಿಜಾರೆಂದರೆ 100 ಮೀಟರಿಗೆ ಬರೀ 33 ಸೆಂ.ಮೀ. ಅಲ್ಲಿ 10 ಸೆಂ.ಮೀ. ತಪ್ಪಾದರೆ ನೀರು ನಿಲ್ಲುತ್ತದೆ. 5 ಸೆಕೆಂಡಿನ (ಇಲ್ಲಿ ಸೆಕೆಂಡ್ ಎಂದರೆ ಡಿಗ್ರಿಯ 3600ನೇ ಒಂದು ಪಾಲು) ಯಂತ್ರದ ಕೋನದ ತಪ್ಪು 100 ಮೀಟರಿಗೆ ಎರಡೂವರೆ ಮಿ.ಮೀ. ಅಷ್ಟೇ. ನಿಜವಾದ ತಪ್ಪು, ಯಂತ್ರ ಗುರಿಯಿಡುವ ಗಾಜು ಹೊತ್ತ ಪ್ರಿಸಂ ಕೋಲಿನದು: ಸೊಪ್ಪು ಹಾಸಿದ ಮೆತ್ತನೆ ನೆಲದಲ್ಲಿ ಚೂಪು ತುದಿ ನಾಲ್ಕು ಬೆರಳು ಇಳಿಯುತ್ತದೆ. ತುದಿಗೆ ಚಪ್ಪಟೆ ಪಾದ ಹಾಕಿ, ಸೊಪ್ಪು ಸರಿಸಿ ಮಣ್ಣಿನ ಮೇಲೆ ನಿಲ್ಲಿಸಿ. ದೂರಕ್ಕೆ ಕೂಡಿಸಬೇಕಾದ ಪ್ರಿಸಂ ಸ್ಥಿರಾಂಕ 0 ಅಥವಾ -30 ಮಿ.ಮೀ. ಎಂಬುದನ್ನು ಮೊದಲೇ ನೋಡಿಕೊಳ್ಳಿ. ಬ್ಯಾಕ್‌ಸೈಟ್ ಬಿಂದುಗಳನ್ನು (ಯಂತ್ರದ ದಿಕ್ಕು ಹೊಂದಿಸಲು ನೋಡುವ, ಸ್ಥಾನ ಗೊತ್ತಿರುವ ಬಿಂದುಗಳು) ತೆರೆದ ಜಾಗದಲ್ಲಿ ಆರ್‌ಟಿಕೆಯಿಂದ ಕೊಡಿ, ಆದರೆ ದೂರ ಇಡಿ. 20 ಮೀಟರಿನ ಬ್ಯಾಕ್‌ಸೈಟಿನಲ್ಲಿ 2 ಸೆಂ.ಮೀ. ಅಡ್ಡ ತಪ್ಪಿದ್ದರೆ 100 ಮೀಟರ್ ಆಚೆ ಅದು 10 ಸೆಂ.ಮೀ. ಆಗುತ್ತದೆ.

ಧರೆಯ ಅಂಚನ್ನೂ ಬುಡವನ್ನೂ ಬೇರೆಬೇರೆ ಗೆರೆಯಾಗಿ ಅಳೆದು ಬ್ರೇಕ್‌ಲೈನ್ (ಇಳಿಜಾರು ಥಟ್ಟನೆ ಬದಲಾಗುವ ಗೆರೆ) ಎಂದೇ ನಕ್ಷೆಯ ಸಾಫ್ಟ್‌ವೇರಿಗೆ ಕೊಡಿ. ಇಲ್ಲದಿದ್ದರೆ ಅದು ಕಡಿದಾದ ಧರೆಯನ್ನು ಇಳಿಜಾರಾಗಿಸುತ್ತದೆ, ಮಣ್ಣಿನ ಲೆಕ್ಕವೂ ಕೆಡುತ್ತದೆ.