ಜಿಪಿಯು-28 ರಾಗಿ ಬಿತ್ತನೆ ಬೀಜ: ಮೂರು ಮುಂಗಾರುಗಳ ಅನುಭವ

ಕಳೆದ ಮೂರು ಮುಂಗಾರುಗಳಲ್ಲಿ ನಮ್ಮ ಎರಡು ಎಕರೆ ಖುಷ್ಕಿ ಹೊಲಕ್ಕೆ ಚೀಲಕ್ಕೆ ನೀಲಿ ಚೀಟಿ ಕಟ್ಟಿದ, ಗುಣಮಟ್ಟ ಪರೀಕ್ಷಿಸಿ ಪ್ರಮಾಣೀಕರಿಸಿದ ಜಿಪಿಯು-28 ಬೀಜವನ್ನೇ ಬಿತ್ತಿದ್ದೇನೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಈ ತಳಿಯ ವಂಶದಲ್ಲಿ, ‘ರಾಗಿ ಲಕ್ಷ್ಮಣಯ್ಯ’ ಎಂದೇ ಹೆಸರಾದ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ಭಾರತ ಮತ್ತು ಆಫ್ರಿಕಾದ ರಾಗಿಗಳನ್ನು ಸಂಕರಿಸಿ ಕೊಟ್ಟ ಇಂಡಾಫ್ ತಳಿಗಳೂ ಇವೆ ಎಂಬುದು ನನಗೆ ಹೆಮ್ಮೆಯ ವಿಷಯ.

ಇದರ ದೊಡ್ಡ ಗುಣ ಬೆಂಕಿ ರೋಗವನ್ನು ತಡೆಯುವ ಶಕ್ತಿ. ಮೊದಲ ವರ್ಷ ತೆನೆ ಹೊರಡುವ ಹೊತ್ತಿಗೆ ಮೋಡ, ಜಡಿಮಳೆ ಬಿಡದೆ ಹಿಡಿದುಕೊಂಡಾಗ, ಪಕ್ಕದ ಹೊಲದ ಹಳೆಯ ಬೀಜದ ಪೈರಿನಲ್ಲಿ ತೆನೆಯ ಕುತ್ತಿಗೆ ಕಪ್ಪಾಗಿ ಕಾಳು ಜೊಳ್ಳಾಯಿತು. ನಮ್ಮಲ್ಲಿ ಅಲ್ಲೊಂದು ಇಲ್ಲೊಂದು ತೆನೆಯಷ್ಟೇ ಕೆಟ್ಟಿತು, ಔಷಧಿ ಸಿಂಪಡಿಸುವ ಅಗತ್ಯವೇ ಬೀಳಲಿಲ್ಲ. ಮುದ್ದೆ ಚೆನ್ನಾಗಿ ಕಟ್ಟುತ್ತದೆ, ಹುಲ್ಲನ್ನೂ ದನಗಳು ಬಿಡದೆ ತಿನ್ನುತ್ತವೆ.

ಆದರೆ ಇದು 110ರಿಂದ 115 ದಿನಗಳ ಬೆಳೆಯಾದ್ದರಿಂದ, ಮಳೆ ತಡವಾಗಿ ಬಿತ್ತನೆ ಆಗಸ್ಟ್ ಕೊನೆಗೆ ಜಾರಿದರೆ ಅಲ್ಪಾವಧಿಯ ಜಿಪಿಯು-48 ಮೇಲು. ಒಮ್ಮೆ ಅಂಗಡಿಯೊಂದರಲ್ಲಿ ಅವಧಿ ಮೀರಿದ ಚೀಲ ಕೊಟ್ಟಿದ್ದರು; ಮೊಳಕೆ ತೀರ ವಿರಳವಾಗಿ, ಪುನಃ ಬಿತ್ತಬೇಕಾಯಿತು. ಆದ್ದರಿಂದ ಚೀಟಿಯ ಮೇಲಿನ ದಿನಾಂಕವನ್ನು ಓದಿಯೇ ಹಣ ಕೊಡಿ. ಹೈಬ್ರಿಡ್ ಅಲ್ಲದ ಕಾರಣ ಒಳ್ಳೆಯ ತೆನೆಗಳನ್ನು ಆರಿಸಿ ಮುಂದಿನ ವರ್ಷಕ್ಕೆ ನಾವೇ ಬೀಜ ಎತ್ತಿಡಬಹುದು. ಈ ಸಲ ನಾನು ಹಾಗೆಯೇ ಮಾಡಿದ್ದೇನೆ.