ಮೊದಲು ಅಂಚು, ಆಮೇಲೆ ಚೀಸ್: ಬೆಂಗಳೂರಿನ ನಾಲ್ಕು ಪಿಜ್ಜಾಗಳಿಗೆ ನನ್ನ ಅಂಕ

ನಮ್ಮಪ್ಪ ಹಾಸನದ ಬೇಕರಿಯೊಂದರಲ್ಲಿ ಇಪ್ಪತ್ತೆಂಟು ವರ್ಷ ಸೌದೆ ಓವನ್ ಮುಂದೆ ನಿಂತವರು. ಬ್ರೆಡ್ ಕೈಗೆ ಸಿಕ್ಕರೆ ಮೊದಲು ಮಗುಚಿ ತಳ ನೋಡುತ್ತಿದ್ದರು. ಆಮೇಲೆ ಬೆರಳಿನಿಂದ ತಟ್ಟುತ್ತಿದ್ದರು. ಟೊಳ್ಳು ಸದ್ದು ಬಂದರೆ ಒಳಗೂ ಬೆಂದಿದೆ ಅಂತ ಅರ್ಥ. ಪಿಜ್ಜಾ ಮುಂದೆ ಕೂತಾಗಲೂ ನನ್ನ ಕೈ ಮೊದಲು ತಳಕ್ಕೇ ಹೋಗುತ್ತದೆ. ಮೇಲೆ ಏನೇ ಇರಲಿ, ಪಿಜ್ಜಾ ಅಂದರೆ ಮೊದಲು ಬ್ರೆಡ್ ಅಲ್ವಾ?

ಕಳೆದ ತಿಂಗಳು ನಾಲ್ಕು ಶನಿವಾರ ನಾನು, ನಮ್ಮ ಯಜಮಾನರು, ಹನ್ನೆರಡು ವರ್ಷದ ಮಗ ಸೇರಿ ಬೆಂಗಳೂರಿನಲ್ಲಿ ನಾಲ್ಕು ಕಡೆಯ ಪಿಜ್ಜಾ ತಿಂದೆವು. ಬೇಕರಿ ಬಿಟ್ಟು ಉಳಿದ ಕಡೆಯೆಲ್ಲ ಬರೀ ಮಾರ್ಗರಿಟಾ. ಟೊಮೆಟೊ ಸಾಸ್, ಚೀಸ್, ಬೇಸಿಲ್ ಎಲೆ, ಅಷ್ಟೇ. ಪನೀರು, ಜೋಳ, ಅಣಬೆ ಎಲ್ಲ ಹೇರಿದರೆ ಹಿಟ್ಟಿನ ತಪ್ಪು ಅದರ ಕೆಳಗೆ ಮುಚ್ಚಿಹೋಗುತ್ತದೆ. ಅಂಗಡಿಗಳ ಹೆಸರು ಬರೆಯುತ್ತಿಲ್ಲ. ಒಂದು ಸಂಜೆ ಕಂಡ ತಪ್ಪಿಗೆ ಅಲ್ಲಿ ದುಡಿಯುವ ಹುಡುಗರ ಕೆಲಸಕ್ಕೆ ತೊಂದರೆ ಆಗಬಾರದು.

ಮೊದಲನೆಯದು ದೊಡ್ಡ ಚೈನ್. 1996ರಲ್ಲಿ ಡಾಮಿನೋಸ್ ದೆಹಲಿಗೆ, ಪಿಜ್ಜಾ ಹಟ್ ನಮ್ಮ ಬೆಂಗಳೂರಿಗೆ ಬಂದ ಮೇಲೆ ನಮ್ಮಲ್ಲಿ ಎಷ್ಟೋ ಜನ ಪಿಜ್ಜಾ ರುಚಿ ಕಂಡಿದ್ದೇ ಚೈನ್‌ಗಳಿಂದ. ಅದನ್ನು ಮರೆಯಬಾರದು. ನಾವು ಮನೆಗೆ ತರಿಸಿದ್ದು 26 ನಿಮಿಷದಲ್ಲಿ ಬಂತು, ಬಿಸಿಯಾಗೇ ಇತ್ತು. ಚೈನ್‌ಗಳಲ್ಲಿ ಹಿಟ್ಟನ್ನು ಒಂದೇ ಕಡೆ ಕಲಸಿ, ತಣ್ಣಗಿಟ್ಟು, ಗಾಡಿಯಲ್ಲಿ ಎಲ್ಲ ಅಂಗಡಿಗೂ ಕಳಿಸುವುದುಂಟು. ಓವನ್ ಒಳಗೆ ಜಾಲರಿಯ ಬೆಲ್ಟ್ ಓಡುತ್ತಿರುತ್ತದೆ. ಈ ಕಡೆ ಹಸಿ ಪಿಜ್ಜಾ ಇಟ್ಟರೆ ಕೆಲವೇ ನಿಮಿಷಕ್ಕೆ ಆ ಕಡೆಯಿಂದ ಬೆಂದು ಬರುತ್ತದೆ. ಅದಕ್ಕೇ ಜಯನಗರದಲ್ಲಿ ತಿಂದರೂ ಹುಬ್ಬಳ್ಳಿಯಲ್ಲಿ ತಿಂದರೂ ಒಂದೇ ರುಚಿ. ಅದು ಸಣ್ಣ ಕೆಲಸವಲ್ಲ.

ಆದರೆ ನಮಗೆ ಬಂದ ಪಿಜ್ಜಾದ ಹಿಟ್ಟಿಗೆ ಸಿಹಿ ಜಾಸ್ತಿ. ತಳಕ್ಕೆ ಎಣ್ಣೆ ಅಂಟಿತ್ತು. ಹತ್ತು ನಿಮಿಷ ಆರಿದ್ದೇ ಅಂಚು ರಬ್ಬರಿನ ಹಾಗಾಯಿತು. ಎಂಟು ತುಂಡಿನಲ್ಲಿ ಆರರ ಅಂಚು ಡಬ್ಬಿಯಲ್ಲೇ ಉಳಿಯಿತು. 10ಕ್ಕೆ 5.

ತರಿಸುವವರಿಗೆ ಎರಡು ಮಾತು. 7 ಇಂಚಿನದು ಎರಡು ತಗೊಳ್ಳುವ ಬದಲು 10 ಇಂಚಿನದು ಒಂದು ತಗೊಳ್ಳಿ. ಅಳತೆ ಲೆಕ್ಕ ಹಾಕಿದರೆ ಎರಡೂ ಹೆಚ್ಚುಕಮ್ಮಿ ಸಮ, ಬೆಲೆ ಬಹಳ ಸಲ ಒಂದಕ್ಕೇ ಕಡಿಮೆ. ಇನ್ನೊಂದು, ಉಳಿದಿದ್ದನ್ನು ಮೈಕ್ರೋವೇವ್‌ಗೆ ಇಡಬೇಡಿ. ದೋಸೆ ಹೆಂಚನ್ನು ಸಣ್ಣ ಉರಿಯಲ್ಲಿ ಕಾಯಿಸಿ, ತುಂಡು ಇಟ್ಟು, ತಟ್ಟೆ ಮುಚ್ಚಿ ಮೂರು ನಾಲ್ಕು ನಿಮಿಷ ಬಿಡಿ. ತಳ ಗರಿಗರಿ ಆಗುತ್ತದೆ, ಚೀಸೂ ಕರಗುತ್ತದೆ.

ಎರಡನೇ ಶನಿವಾರ ನಮ್ಮ ಹನುಮಂತನಗರದ ಅಯ್ಯಂಗಾರ್ ಬೇಕರಿ. ಇಲ್ಲಿ ಪಿಜ್ಜಾ ಅಂದರೆ ಅಂಗೈಯಷ್ಟಗಲದ ಮೆತ್ತನೆ ಬನ್, ಅದರ ಮೇಲೆ ಈರುಳ್ಳಿ, ಕ್ಯಾರೆಟ್, ದೊಣ್ಣೆ ಮೆಣಸಿನಕಾಯಿಯ ಪಲ್ಯ, ಸ್ವಲ್ಪ ಸಾಸ್, ಒಂದು ಚಿಟಿಕೆ ತುರಿದ ಚೀಸ್. ಬೆಲೆ 45 ರೂಪಾಯಿ. ಇಟಲಿಯವರು ಇದನ್ನು ಪಿಜ್ಜಾ ಅನ್ನಲಿಕ್ಕಿಲ್ಲ. ನನಗದು ಮುಖ್ಯವಲ್ಲ. ಸಂಜೆ ನಾಲ್ಕಕ್ಕೆ ಟ್ರೇ ಹೊರಗೆ ಬಂದಾಗ ಹೋಗಿ. ಬ್ರೆಡ್ ಹಗುರ, ಹುದುಗು ಸರಿಯಾಗಿ ಬಂದಿರುತ್ತದೆ, ಪಲ್ಯದಲ್ಲಿ ಹಸಿಮೆಣಸಿನ ಖಾರ. ರಾತ್ರಿ ಎಂಟಕ್ಕೆ ಹೋದರೆ ಗಾಜಿನ ಪೆಟ್ಟಿಗೆಯಲ್ಲಿ ಒಣಗಿ ಕೂತಿರುತ್ತದೆ. ನಾಲ್ಕು ಗಂಟೆಯ ಪಿಜ್ಜಾಗೆ 7.

ಮೂರನೆಯದು ಇಂದಿರಾನಗರದ ಸೌದೆ ಓವನ್ ರೆಸ್ಟೋರೆಂಟ್, ನೇಪಲ್ಸ್ ಶೈಲಿಯದು. ಆ ಊರಿನ ಪಿಜ್ಜಾ ಮಾಡುವವರ ಸಂಘ 1984ರಲ್ಲಿ ಶುರುವಾಯಿತು. ಅದರ ನಿಯಮ ಕೇಳಿದರೆ ಅಪ್ಪನಂಥವರಿಗೆ ಖುಷಿಯಾಗುತ್ತದೆ. ಓವನ್ ಬಿಸಿ 430 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿರಬೇಕು, ಪಿಜ್ಜಾ 60ರಿಂದ 90 ಸೆಕೆಂಡಿನಲ್ಲಿ ಬೇಯಬೇಕು. ಈ ಕೈಕೆಲಸಕ್ಕೆ 2017ರಲ್ಲಿ ಯುನೆಸ್ಕೋ ಮನ್ನಣೆಯೂ ಸಿಕ್ಕಿತು. ಓವನ್ ಬಾಯಿಗೆ ಎದುರಾಗಿ ಮೇಜು ಸಿಕ್ಕಿದ್ದರಿಂದ ನಾನು ಅರ್ಧ ಹೊತ್ತು ಬೆಂಕಿಯನ್ನೇ ನೋಡುತ್ತಾ ಕೂತಿದ್ದೆ. ಅಂಚು ಉಬ್ಬಿ, ಅಲ್ಲಲ್ಲಿ ಕಪ್ಪು ಚುಕ್ಕೆ ಎದ್ದು, ಚೆನ್ನಾಗಿ ಬಂದಿತ್ತು. ನಡುಭಾಗ ಮಾತ್ರ ಕೆಟ್ಟಿತ್ತು. ನೇಪಲ್ಸ್ ಪಿಜ್ಜಾದ ನಡು ಮೆತ್ತಗೇ ಇರಬೇಕು, ಅದು ತಪ್ಪಲ್ಲ. ಆದರೆ ನೀರು ನಿಲ್ಲಬಾರದು. ಹಸಿ ಮೊಝರೆಲ್ಲಾವನ್ನು ಹೆಚ್ಚಿ, ನೀರು ಬಸಿದು ಹಾಕಬೇಕು. ಆ ದಿನ ಯಾರೋ ಅವಸರ ಮಾಡಿದ್ದರು ಅನ್ನಿಸುತ್ತದೆ. ತುಂಡು ಎತ್ತಿದರೆ ಚೀಸ್ ಎಲ್ಲ ತಟ್ಟೆಗೆ ಜಾರಿತು. ತೆರಿಗೆ ಸೇರಿ 620 ರೂಪಾಯಿ ಕೊಟ್ಟು ಹಸಿದುಕೊಂಡು ಎದ್ದಿದ್ದು ಬೇಸರ ಆಯಿತು. 6.

ಕೊನೆಯದು ಬನಶಂಕರಿ ಎರಡನೇ ಹಂತದ ಒಂದು ಸಣ್ಣ ಅಂಗಡಿ. ಆರು ಮೇಜು. ಗಂಡ ಹಿಟ್ಟು ತಟ್ಟುತ್ತಾರೆ, ಹೆಂಡತಿ ಓವನ್ ನೋಡಿಕೊಳ್ಳುತ್ತಾರೆ. ಸೌದೆ ಇಲ್ಲ, ಒಳಗೆ ಕಲ್ಲು ಹಾಸಿದ ಕರೆಂಟಿನ ಓವನ್. 10 ಇಂಚಿನ ಮಾರ್ಗರಿಟಾಗೆ 340 ರೂಪಾಯಿ.

ತುಂಡು ಮಗುಚಿದೆ. ತಳದ ಬಣ್ಣ ನಮ್ಮ ಬೆಣ್ಣೆ ದೋಸೆಯ ಹಾಗೆ, ಒಂದೇ ಸಮ ಕೆಂಪು. ಅಂಚು ಮುರಿದರೆ ಒಳಗೆ ದೊಡ್ಡ ಚಿಕ್ಕ ತೂತುಗಳು, ಸಣ್ಣ ಹುಳಿ ವಾಸನೆ. ತಡೆಯಲಾರದೆ ಎದ್ದು ಹೋಗಿ ಕೇಳಿದೆ, "ಅಕ್ಕಾ, ಹಿಟ್ಟು ಎಷ್ಟು ಹೊತ್ತು ಇಡ್ತೀರಿ?"

"ಎರಡು ದಿನ ಫ್ರಿಜ್‌ನಲ್ಲೇ ಇಡ್ತೀವಿ ಮೇಡಂ. ಗುರುವಾರ ಕಲಸಿದ್ದು ಇವತ್ತು ತಿಂತಿದ್ದೀರಿ."

ಗುಟ್ಟು ಇರುವುದು ಅಲ್ಲೇ. ಈಸ್ಟ್ ಜಾಸ್ತಿ ಹಾಕಿ ಬೆಚ್ಚಗಿಟ್ಟರೆ ಒಂದೆರಡು ಗಂಟೆಗೆ ಹಿಟ್ಟು ಉಬ್ಬುತ್ತದೆ, ರುಚಿ ಬರುವುದಿಲ್ಲ. ಈಸ್ಟ್ ಕಡಿಮೆ ಹಾಕಿ ತಣ್ಣಗಿಟ್ಟರೆ ನಿಧಾನವಾಗಿ ಹುದುಗುತ್ತದೆ. ಹಿಟ್ಟಿನ ಪಿಷ್ಟ ಒಡೆದು ಸಕ್ಕರೆಯಾಗುತ್ತದೆ. ತಳ ಕೆಂಪಗಾಗುವುದು ಅದರಿಂದ, ಸಕ್ಕರೆ ಬೇರೆ ಸುರಿಯಬೇಕಿಲ್ಲ. ಇಡೀ ರಾತ್ರಿ ಹುದುಗಿದ ದೋಸೆ ಹಿಟ್ಟಿಗೂ ದಿಢೀರ್ ಹಿಟ್ಟಿಗೂ ಇರುವ ವ್ಯತ್ಯಾಸ ನಮ್ಮ ಮನೆಗಳಲ್ಲಿ ಯಾರಿಗೆ ಗೊತ್ತಿಲ್ಲ? ಸಾಸ್ ಸ್ವಲ್ಪ ಸಪ್ಪೆ, ಅದಕ್ಕೆ ಒಂದು ಅಂಕ ಕಳೆದಿದ್ದೇನೆ. 10ಕ್ಕೆ 9.

ಒಂದು ವಿಷಯ ಗಮನದಲ್ಲಿರಲಿ. ಎರಡು ದಿನ ಮೊದಲು ಕಲಸಿದ್ದು ಮುಗಿದರೆ ಅಂದಿಗೆ ಪಿಜ್ಜಾ ಇಲ್ಲ. ನಾವಿದ್ದಾಗಲೇ ಎಂಟೂ ಕಾಲಿಗೆ ಬಾಗಿಲಿಗೆ ಬಂದ ಒಂದು ಕುಟುಂಬವನ್ನು ಕ್ಷಮೆ ಕೇಳಿ ವಾಪಸ್ ಕಳಿಸಿದರು. ಫೋನ್ ಮಾಡಿಕೊಂಡೇ ಹೋಗಿ.

ಆ ಸಂಜೆ ಮಗನ ತಟ್ಟೆಯಲ್ಲಿ ಒಂದು ಅಂಚೂ ಉಳಿದಿರಲಿಲ್ಲ. ಮುಂದಿನ ಶನಿವಾರ ಹಾಸನದಿಂದ ಅಪ್ಪ ಬರುತ್ತಾರೆ. ಆರೂವರೆಗೆ ಮೇಜು ಹೇಳಿಟ್ಟಿದ್ದೇನೆ, ಓವನ್ ಕಾಣಿಸುವ ಕಡೆಯದು.